ರೇಡಿಯೇಟರಿಗೆ ರಾಗಿ ಹಿಟ್ಟು

ನಾನು ಗೌಡರ ಲಾರಿಗೆ ಡ್ರೈವರಾಗಿ ಸೇರಿದ ವರ್ಷ ಅವರು ಪ್ರಜಾಪ್ರತಿನಿಧಿ ಸಭೆಯ ಚುನಾವಣೆಗೆ ನಿಂತಿದ್ದರು. ಭೇರ್ಯದ ಹತ್ತಿರದ ಊರು ಅವರದು. ಎತ್ತಿನ ಗಾಡಿಯಲ್ಲಿ ಓಟು ಕೇಳಲು ಹೋದರೆ ಮರ್ಯಾದೆ ಸಾಲದೆಂದು ಮೈಸೂರಿನ ಸೌದೆ ವ್ಯಾಪಾರಿಯೊಬ್ಬನಿಂದ ಹಳೇ ಸಣ್ಣ ಲಾರಿ ಕೊಂಡಿದ್ದರು. ನಾನು ಮೈಸೂರಿನ ಗ್ಯಾರೇಜೊಂದರಲ್ಲಿ ಎರಡು ವರ್ಷ ನಟ್ಟು ತೊಳೆದು ಅದನ್ನೇ ವಿದ್ಯೆ ಎಂದುಕೊಂಡಿದ್ದವನು. ಲಾರಿಗೆ ತಕ್ಕ ಡ್ರೈವರು.

ಮೊದಲ ವಾರವೇ ಎಂಜಿನ್ನಿನ ನೀರು ಸೋರತೊಡಗಿತು. ನಾವು ಹೋದ ದಾರಿಯುದ್ದಕ್ಕೂ ಧೂಳಿನ ಮೇಲೆ ಒಂದು ಒದ್ದೆ ಗೆರೆ. ಎದುರಾಳಿಯ ಕಡೆಯವರು ಆ ಗೆರೆ ನೋಡಿಕೊಂಡೇ ನಮ್ಮ ಹಿಂದೆ ಬಂದು, ನಾವು ಕೇಳಿದ ಓಟುಗಳನ್ನೇ ಮತ್ತೆ ಕೇಳುತ್ತಿದ್ದರು. ಗೌಡರು ತಮ್ಮ ಮನೆಯ ಆಳೊಬ್ಬನನ್ನು ಎರಡು ಕೊಡಗಳ ಸಮೇತ ಲಾರಿಯ ಹಿಂದೆ ಕೂರಿಸಿದರು. ಸಿಕ್ಕ ಸಿಕ್ಕ ಕೆರೆಯಲ್ಲಿ ನೀರು ತುಂಬಿಕೊಳ್ಳುವುದೇ ಅವನ ಕೆಲಸ.

ಒಂದೂರಿನಲ್ಲಿ ಕೊಡ ಎರಡೂ ಬರಿದಾಗಿದ್ದವು. ಮುತ್ತೈದೆಯರು ಪೂರ್ಣಕುಂಭ ಹಿಡಿದು ಎದುರು ಬಂದರು. ಗೌಡರು ಕೈಮುಗಿದು ಕಣ್ಣು ಮುಚ್ಚಿದ್ದಾಗ ನಾನು ಕುಂಭ ಈಸಿಕೊಂಡು, ತೆಂಗಿನಕಾಯಿ ಮಾವಿನ ಸೊಪ್ಪು ಪಕ್ಕಕ್ಕಿಟ್ಟು, ಅರಿಶಿನದ ನೀರನ್ನು ರೇಡಿಯೇಟರಿಗೆ ಸುರಿದೆ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಆ ಊರಿನ ಓಟು ಒಂದೂ ಬರಲಾರದೆಂದು ಗೌಡರು ದಾರಿಯುದ್ದಕ್ಕೂ ನನ್ನನ್ನು ಬೈದರು.

ಅವತ್ತೇ ಗೌಡರ ಊರಿನ ಶಾನುಭೋಗರು ಮದ್ದು ಹೇಳಿದ್ದು. ರೇಡಿಯೇಟರಿಗೆ ರಾಗಿ ಹಿಟ್ಟು ಹಾಕಿದರೆ ಅದು ಬೆಂದು ಉಬ್ಬಿ ತೂತು ಮುಚ್ಚುತ್ತದಂತೆ. ಶಾನುಭೋಗರು ಜನ್ಮದಲ್ಲಿ ಲಾರಿ ಹತ್ತಿದವರಲ್ಲ. ಗೌಡರು ನನ್ನ ಮುಖ ನೋಡಿದರು. ನಾನು ಬಹಳ ಯೋಚಿಸಿದವನಂತೆ ಗಲ್ಲ ಕೆರೆದುಕೊಂಡು, ಹಾಕಬಹುದು ಎಂದೆ. ಗೊತ್ತಿಲ್ಲ ಎಂದರೆ ಡ್ರೈವರ ಮಾನ ಏನಾಗಬೇಕು?

ಎರಡು ಸೇರು ಹಿಟ್ಟು ಹೋಯಿತು. ಆಶ್ಚರ್ಯವೆಂದರೆ ಒಂದು ದಿನ ಸೋರಲಿಲ್ಲ. ಮರುದಿನ ಕರಪತ್ರ ಅಚ್ಚು ಹಾಕಿಸಲು ಹುಣಸೂರಿಗೆ ಹೊರಟೆವು. ಪೇಟೆ ಸೇರುವಷ್ಟರಲ್ಲಿ ಎಂಜಿನ್ನು ಕೊತಕೊತ ಕುದಿಯುತ್ತಿತ್ತು. ಸುತ್ತ ಜನ ಸೇರಿದರು. ಜನ ಕಂಡರೆ ಗೌಡರಿಗೆ ಹುರುಪು. ಕೆಳಗಿಳಿದು ಮುಂದೆ ಬಂದು ನಿಂತರು.

"ಮುಚ್ಚಳ ತೆಗಿ, ನೋಡವ."

"ಆರ್ಲಿ ಬುದ್ದಿ."

"ನಂಗೇ ಯೋಳ್ತೀಯೇನ್ಲಾ? ಬುಡು ಅತ್ಲಾಗೆ."

ನಾನು ಬಿಟ್ಟು ದೂರ ಸರಿದೆ. ಗೌಡರು ಪಂಚೆಯ ಚುಂಗು ಕೈಗೆ ಸುತ್ತಿ ಮುಚ್ಚಳ ತಿರುಗಿಸಿದರು. ಹಬೆ ಮೇಲಕ್ಕೆ ಹಾರಿತು. ಅದರ ಹಿಂದೆಯೇ ಅಂಬಲಿ. ಪುಣ್ಯಕ್ಕೆ ಮುಖ ಪಕ್ಕಕ್ಕೆ ತಿರುಗಿತ್ತು. ಜರಿ ರುಮಾಲು, ಮುಚ್ಚುಗೊರಳಿನ ಕೋಟು, ಎಲ್ಲದರ ಮೇಲೂ ಬಿಸಿ ಬಿಸಿ ರಾಗಿ ಅಂಬಲಿ ಇಳಿಯಿತು. ಗುಂಪಿನಲ್ಲಿದ್ದ ಮುದುಕನೊಬ್ಬ ಉಪ್ಪು ಹಾಕಿದೆಯೋ ಇಲ್ಲವೋ ಎಂದು ಬಹಳ ವಿನಯದಿಂದ ವಿಚಾರಿಸಿದ.

ಪಕ್ಕದ ಬೀದಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಸಾಬರಿದ್ದರು. ತೂತಿಗೆ ತವರ ಬೆಸೆಯಲೆಂದು ರೇಡಿಯೇಟರು ಬಿಚ್ಚಿ ಅವರ ಹತ್ತಿರ ಹೊತ್ತುಕೊಂಡು ಹೋದೆವು. ಅವರು ಮೊದಲು ಬಿಸಿನೀರು, ಸೋಡಾ ಹಾಕಿ ಅರ್ಧ ದಿನ ತೊಳೆದರು. ಆಮೇಲೆ ಬಾಯಿಗಳಿಗೆ ಬಟ್ಟೆ ಗಿಡಿದು ಹೊಳೆಯಲ್ಲಿ ಮುಳುಗಿಸಿ, ಬಿಟ್ಟಿದ್ದ ಒಂದು ಕಂಡಿಯಿಂದ ಊದಿದರು. ಒಂದು ಗುಳ್ಳೆಯೂ ಏಳಲಿಲ್ಲ.

"ಇದ್ರಲ್ಲಿ ತೂತಿಲ್ಲ ಗೌಡ್ರೆ. ರಾಗಿ ಮಾತ್ರ ಇತ್ತು" ಎಂದರು.

ಆಗ ಆಳು, ಯಾರ ಮುಖವನ್ನೂ ನೋಡದೆ, ರೇಡಿಯೇಟರಿನಿಂದ ಎಂಜಿನ್ನಿಗೆ ಹೋಗುವ ಕೆಳಗಿನ ರಬ್ಬರ್ ಕೊಳವೆಯನ್ನು ತಂದು ಸಾಬರ ಕೈಗಿಟ್ಟ. ಸಾಬರು ಅದನ್ನು ಬಗ್ಗಿಸಿದರು. ಬಿಗಿಪಟ್ಟಿ ಕೂರುವ ಕಡೆ ಉಗುರುದ್ದದ ಸೀಳು ಬಾಯಿಬಿಟ್ಟಿತು. ಸೀಳಿದ ತುದಿಯನ್ನು ಎರಡು ಬೆರಳಷ್ಟು ಕತ್ತರಿಸಿ ನಾನು ಕೊಳವೆಯನ್ನು ಮತ್ತೆ ಬಿಗಿದೆ. ಬೀಡಿ ಸೇದುವಷ್ಟು ಹೊತ್ತಿನ ಕೆಲಸ. ಸೋರುವುದು ನಿಂತೇ ಹೋಯಿತು. ಕೊಡ ಹಿಡಿದು ಲಾರಿ ಹತ್ತಿದ ಮೂರನೇ ದಿನವೇ ಆಳು ನೀರು ರಬ್ಬರಿನಿಂದ ಬರುತ್ತಿದೆ ಎಂದು ನನಗೆ ಹೇಳಿದ್ದ. ನಿನ್ನ ಕೊಡ ನೀನು ನೋಡಿಕೋ ಎಂದು ಗದರಿಸಿದ್ದವನು ನಾನೇ. ಕೊಳವೆ ಬಿಗಿದ ದಿನವೆಲ್ಲ ಅವನ ಕಣ್ಣು ತಪ್ಪಿಸಿಕೊಂಡು ಓಡಾಡಿದೆ.

ಗೌಡರು ಗೆದ್ದರು. ಗೆದ್ದ ಮೇಲೆ ಕೃಷ್ಣರಾಜನಗರದ ಸಭೆಯಲ್ಲಿ, ಸೀಮೆ ಎಂಜಿನ್ನು ಕೂಡ ನಮ್ಮ ನಾಡಿನ ರಾಗಿಗೇ ಬಗ್ಗಿತೆಂದು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಲಾರಿಯ ಪಕ್ಕ ನಿಂತಿದ್ದ ನಾನೂ ತಟ್ಟಿದೆ.

ಆ ಭಾಷಣ ಕೇಳಿದವರಲ್ಲಿ ಪಿರಿಯಾಪಟ್ಟಣದ ಮಿಲ್ಲಿನ ಯಜಮಾನರೊಬ್ಬರಿದ್ದರು. ತಿಂಗಳೊಳಗೆ ತಮ್ಮ ಲಾರಿಯನ್ನು ಎತ್ತು ಕಟ್ಟಿ ಎಳೆಸಿಕೊಂಡು ನನ್ನ ಹತ್ತಿರ ಬಂದರು. ಅವರ ಹಿಂದೆ ಇನ್ನಿಬ್ಬರು ಬಂದರು. ಅಂಬಲಿ ತೊಳೆಯುವ ಕೆಲಸವೇ ಕೈತುಂಬ ಆಗಿ, ಗೌಡರ ಚಾಕರಿ ಬಿಟ್ಟು ಹುಣಸೂರಿನಲ್ಲಿ ಒಂದು ತಗಡಿನ ಶೆಡ್ಡು ಹಾಕಿದೆ. ಬಂದವರು ರಾಗಿ ಹಾಕಿದ್ದು ತಪ್ಪೇ ಎಂದು ಕೇಳುತ್ತಿದ್ದರು. ಹಾಗೇನಿಲ್ಲ, ಸ್ವಲ್ಪ ಜಾಸ್ತಿಯಾಗಿದೆ ಅಷ್ಟೆ, ಎನ್ನುತ್ತಿದ್ದೆ.