ಬಿಸಿಯಾಗದೆ ಸಾಯುತ್ತಿದ್ದ ರೆಸಿಸ್ಟರ್

ಗಂಡನ ಕ್ಷೌರದಂಗಡಿಯ ಮೂಲೆಯಲ್ಲೇ ಅವಳ ರಿಪೇರಿ ಮೇಜು. ಅತ್ತ ಕತ್ತರಿಯ ಕಚಕಚ, ಇತ್ತ ಬೆಸುಗೆಯ ಹೊಗೆ. ಅಂಗಡಿಯ ಟ್ರಿಮ್ಮರ್, ಹೇರ್ ಡ್ರೈಯರ್ ಬಿಚ್ಚಿ ಬಿಚ್ಚಿ ಕೈ ಪಳಗಿದ ಮೇಲೆ ಬೀದಿಗೆಲ್ಲ ಅವಳು ಕರೆಂಟಕ್ಕ ಆದಳು. ಗಂಡನಿಗೆ ಮಾತ್ರ ಈಗಲೂ "ಏ ಇವಳೇ".

ಒಂದು ಮಧ್ಯಾಹ್ನ ಮಹಡಿಯ ಮೇಲಿನ ಸ್ಟುಡಿಯೋದ ಫೋಟೋಗ್ರಾಫರ್ ತನ್ನ ದೊಡ್ಡ ಫ್ಲ್ಯಾಶ್ ದೀಪವನ್ನು ತಂದು ಮೇಜಿನ ಮೇಲಿಟ್ಟ. ಬಲಗೈಯನ್ನು ಇನ್ನೂ ಉಜ್ಜಿಕೊಳ್ಳುತ್ತಲೇ ಇದ್ದ.

"ಅಕ್ಕಾ, ಇದು ನನ್ನ ಒದ್ದುಬಿಡ್ತು. ಪ್ಲಗ್ ಕಿತ್ತು, ಟೀ ಕುಡಿದು ಬಂದು ಮುಟ್ಟಿದ್ದು. ಆದ್ರೂ ಜುಂ ಅಂತು!"

ಬಿಚ್ಚಿದ ಕೂಡಲೇ ಕಾರಣ ಸಿಕ್ಕಿತು. ಒಳಗಿನ ಕೆಪಾಸಿಟರ್ ಆರುನೂರು ವೋಲ್ಟ್ ತುಂಬಿಕೊಳ್ಳುತ್ತದೆ. ದೀಪ ಆರಿಸಿದ ಮೇಲೆ ಅದನ್ನು ಮೆಲ್ಲಗೆ ಖಾಲಿ ಮಾಡಬೇಕಾದ ರೆಸಿಸ್ಟರ್ ಸತ್ತಿತ್ತು. ಹತ್ತು ಲಕ್ಷ ಓಮ್, ಅರ್ಧ ವ್ಯಾಟ್ ಶಾಖ ತಾಳುವ ಕಾರ್ಬನ್ ರೆಸಿಸ್ಟರ್. ಅಂಥದೇ ಹೊಸದು ಹಾಕಿದಳು. ಹುಟ್ಟುವ ಶಾಖ ಅರ್ಧ ವ್ಯಾಟಿಗಿಂತ ಕಡಿಮೆಯೇ, ಲೆಕ್ಕ ಸರಿಯಿತ್ತು.

ಎರಡೇ ವಾರಕ್ಕೆ ಅದೂ ಹೋಯಿತು. ಸುಟ್ಟ ವಾಸನೆಯಿಲ್ಲ, ಮೈಮೇಲೆ ಒಂದು ಕಲೆಯಿಲ್ಲ, ಬಣ್ಣದ ಪಟ್ಟೆಗಳು ಫಳಫಳ. ಮೀಟರಿಗೆ ಮಾತ್ರ ಹೆಣ. ಇನ್ನೊಂದು ಹಾಕಿ, ಒಂದಿಡೀ ದಿನ ದೀಪ ಉರಿಸಿ, ಚಾರ್ಜ್ ಪೂರ್ತಿ ಇಳಿಸಿ ಮುಟ್ಟಿ ನೋಡಿದಳು. ಬರೀ ಉಗುರುಬೆಚ್ಚಗೆ. ಮತ್ತೆ ಸಾಯುವುದು ಯಾತಕ್ಕೆ?

ಅದೂ ಸತ್ತ ಮೇಲೆ ಬಿಡಿಭಾಗದ ಅಂಗಡಿಯವನು ಸಣ್ಣದೊಂದು ಮೆಟಲ್ ಫಿಲ್ಮ್ ರೆಸಿಸ್ಟರ್ ಕೊಟ್ಟ. "ಅದೇ ಅರ್ಧ ವ್ಯಾಟು, ಆದ್ರೆ ಮಾಲು ಒಳ್ಳೇದು." ಆ ಒಳ್ಳೇದು ಎರಡು ದಿನಕ್ಕೇ ಸತ್ತಿತು!

ಅವಳ ತಲೆ ಗಿರ್ರೆಂದಿತು. ಅಂಗಡಿಯವನ ಮೇಲೆ ಅನುಮಾನ, ಕೆಪಾಸಿಟರ್ ಮೇಲೆ ಅನುಮಾನ, ಕೊನೆಗೆ ತನ್ನ ಮೇಲೆಯೇ ಅನುಮಾನ. ಅಡುಗೆಗೆ ಎರಡು ಸಲ ಉಪ್ಪು ಬಿತ್ತು.

"ಏ ಇವಳೇ, ರೆಸಿಸ್ಟರ್ ಸತ್ರೆ ನಂಗ್ಯಾಕೆ ಶಿಕ್ಷೆ?" ಎಂದ ಗಂಡ.

ಹತ್ತು ಲಕ್ಷದ್ದು ಮುಗಿದಿದ್ದರಿಂದ, ಸದ್ಯಕ್ಕೆ ಇರಲಿ ಎಂದು ಐದೈದು ಲಕ್ಷದ ಎರಡು ಹಳೆ ಕಾರ್ಬನ್ನುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಬೆಸೆದು ಕೂರಿಸಿದಳು. ತಿಂಗಳು ಕಳೆದರೂ ಅವಕ್ಕೆ ಏನೂ ಆಗಲಿಲ್ಲ. ಗೊಂದಲ ಇನ್ನೂ ಹೆಚ್ಚಿತು. ಓಮ್ ಅಷ್ಟೇ, ಒಟ್ಟು ಶಾಖವೂ ಅಷ್ಟೇ; ಇವು ಬದುಕಿದ್ದು ಹೇಗೆ?

ತಡೆಯಲಾರದೆ ಅಂಗಡಿಯವನ ಮುಂದೆ ಹೋಗಿ ನಿಂತಳು. ಪೂರ್ತಿ ಕೇಳಿದ ಅವನು ಹಣೆ ಚಚ್ಚಿಕೊಂಡ.

"ಆರುನೂರು ವೋಲ್ಟಾ? ಅಯ್ಯೋ ಅಕ್ಕಾ, ನೀವು ವ್ಯಾಟ್ ಹೇಳಿದ್ರಿ, ವೋಲ್ಟ್ ಹೇಳ್ಲೇ ಇಲ್ಲ. ನಾನೂ ಕೇಳ್ಲಿಲ್ಲ. ಆ ಕಾರ್ಬನ್ನು ಮುನ್ನೂರೈವತ್ತು ವೋಲ್ಟ್ ತಾಳುತ್ತೆ, ಈ ಪುಟಾಣಿ ಇನ್ನೂರೈವತ್ತು. ಒಂದೊಂದು ಜಾತಿಗೆ ಒಂದೊಂದು ಮಿತಿ."

"ಎರಡಿಟ್ರೆ ಮುನ್ನೂರು ಮುನ್ನೂರು ಹಂಚ್ಕೊಳ್ತವೆ ಅನ್ನು."

"ಅಷ್ಟೇ."

"ಸರಿ, ಬಿಸಿನೇ ಆಗ್ದೆ ಸಾಯೋದು ಹ್ಯಾಗಪ್ಪಾ?"

"ಒಳಗಿನ ಪದರ ವೋಲ್ಟೇಜ್ ತಡ್ಕೊಳ್ಳಲ್ವಂತೆ... ಅದ್ಯಾಕೋ ನಂಗೂ ಅಷ್ಟು ಸರಿಯಾಗಿ ಗೊತ್ತಿಲ್ಲಕ್ಕ."

ಅವಳು ಮರಳಿದಾಗ ಗಂಡ ಗಿರಾಕಿಯ ಗಲ್ಲಕ್ಕೆ ಸೋಪು ಹಚ್ಚುತ್ತಿದ್ದ. "ಗೊತ್ತಾಯ್ತಾ?"

"ಅರ್ಧ," ಎಂದಳು.

ಚಪ್ಪಲಿಯನ್ನೂ ಬಿಡದೆ ಮಹಡಿ ಹತ್ತಿ, ಸ್ಟುಡಿಯೋದ ಇನ್ನೊಂದು ದೀಪವನ್ನು ಇಳಿಸಿಕೊಂಡು ಬಂದಳು. ಅದರ ರೆಸಿಸ್ಟರ್ ಇನ್ನೂ ಜೀವಂತವಾಗಿತ್ತು. ಆದರೂ ಕಿತ್ತು ಹಾಕಿ, ಆ ಜಾಗಕ್ಕೆ ಜೋಡಿ ಕೂರಿಸಿದಳು.