ಅಕ್ಕನ ಪಾಸ್‌ವರ್ಡ್ ಕಾಟ

ಒಂದು ಕನ್ನಡಕ ಕುತ್ತಿಗೆಯಲ್ಲಿ, ಇನ್ನೊಂದು ತಲೆಯ ಮೇಲೆ. ಎರಡನ್ನೂ ಬಿಟ್ಟು ಅಕ್ಕ ಕಣ್ಣು ಕಿರಿದು ಮಾಡಿ ನನ್ನ ಪರದೆ ನೋಡಲು ಬಂದರೆಂದರೆ, ಅಂದಿನ ನನ್ನ ಕೆಲಸ ಕೆಟ್ಟಿತೆಂದೇ ಅರ್ಥ. ತೆಲುಗು ನಾಡಿನ ಮಾದಾಪುರದ ನಮ್ಮ ಆಫೀಸಿನಲ್ಲಿ ಅವರು ತಂಡದ ಮುಖ್ಯಸ್ಥೆ. ಅಲ್ಲಿ ಕನ್ನಡದವರು ನಾವಿಬ್ಬರೇ, ಹಾಗಾಗಿ ನನಗೆ ಅಕ್ಕ.

ನಾವು ನಡೆಸುತ್ತಿದ್ದದ್ದು ಡಯಾಲಿಸಿಸ್ ರೋಗಿಗಳಿಗೆ ಸರದಿ ಗೊತ್ತುಮಾಡುವ ಆ್ಯಪ್. ಅದರ ಪಾಸ್‌ವರ್ಡುಗಳೆಲ್ಲ ಅಕ್ಕನ ಸುಪರ್ದಿ. ಯಾರಾದರೂ ಒಂದನ್ನು ಚಾಟ್‌ನಲ್ಲಿ ಕಳಿಸಿದರೆ ಮುಗಿಯಿತು, ಆ ಕ್ಷಣವೇ ಬದಲಾಯಿಸಬೇಕು. ಅಲ್ಲಿಯವರೆಗೆ ಇಡೀ ತಂಡ ಕೈಕಟ್ಟಿ ಕೂರಬೇಕು. ರಜೆ ಹಾಕಿದವರ ಆ್ಯಪ್ ಪ್ರವೇಶ ಹಿಂದಿನ ಸಂಜೆಯೇ ಬಂದ್. ನನ್ನ ಮದುವೆಗೆ ಅವರು ಕೊಟ್ಟ ಮೊದಲ ಉಡುಗೊರೆ ಅದೇ!

ಒಮ್ಮೆ ರೇಗಿಹೋಗಿ ಕೂತಲ್ಲಿಂದಲೇ ಕೂಗಿದೆ. "ಹೊಸಾದು ಬಾಯಿಲೇ ಹೇಳಿಬಿಡ್ರಿ ಅಕ್ಕಾ, ಇಲ್ಲಿ ಕನ್ನಡ ಯಾರಿಗೆ ತಿಳೀತೈತಿ?"

"ಕೆಳಗ ಚಹಾದಂಗಡ್ಯಾಗ ಗಾರೆ ಕೆಲಸದವರು ನಿಂತಿರ್ತಾರಲ್ಲ, ಎಲ್ಲಾ ಯಾದಗಿರಿಯವರು. ನಿನ್ನೆ ನೀ ನನ್ನ ಬೈದದ್ದು ಕೇಳಿ ಭಾಳ ನಗಾಕತ್ತಿದ್ರು."

ಎದ್ದು ಹೋಗಿ ಕಿಟಕಿ ಮುಚ್ಚಿದೆ.

ಅದಕ್ಕಿಂತ ದೊಡ್ಡ ಕಾಟವೆಂದರೆ, ಬದಲಾಯಿಸುವ ಕೆಲಸವನ್ನೆಲ್ಲ ನನ್ನ ಕೈಯಲ್ಲೇ ಮಾಡಿಸುತ್ತಿದ್ದದ್ದು. ಅವರು ಪಕ್ಕದಲ್ಲಿ ಚೂಡಾ ತಿನ್ನುತ್ತ ಕೂರುವರು. ತಪ್ಪಿದರೆ ಮತ್ತೆ ಮೊದಲಿನಿಂದ. "ನೀವ ಮಾಡ್ರಲಾ, ಎರಡ ನಿಮಿಷದ ಕೆಲಸ" ಎಂದರೆ, "ನಾ ಇಲ್ದಾಗ ಯಾರನ್ನ ಕರೀತಿ?" ಎನ್ನುವರು. ಸಿಟ್ಟು ನೆತ್ತಿಗೇರುತ್ತಿತ್ತು.

ಒಂದು ಸೋಮವಾರ ಹೃದಯದ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದರು. ನಾರಾಯಣಗೂಡದ ತಮ್ಮ ಮನೆಗೆ ಮರಳಲಿಲ್ಲ.

ಸುದ್ದಿ ಬಂದ ಬೆಳಗ್ಗೆ ಆಫೀಸಿನಲ್ಲಿ ಅಳುವುದಕ್ಕೂ ಬಿಡುವಿರಲಿಲ್ಲ. ಮುಖ್ಯ ಪಾಸ್‌ವರ್ಡಿನ ಅವಧಿ ಅಂದೇ ಮುಗಿಯುವುದಿತ್ತು. ಬದಲಾಯಿಸದಿದ್ದರೆ ಆ್ಯಪ್ ನಿಲ್ಲುತ್ತದೆ, ರೋಗಿಗಳು ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಾರೆ. "ಅಬ್ ಕ್ಯಾ ಕರೇಂಗೆ?" ಈಗೇನು ಮಾಡುವುದೆಂದು ಮ್ಯಾನೇಜರ್ ಬೆವರತೊಡಗಿದರು. ನಾನು ಕೂತೆ. ಕೈ ತಾನಾಗಿಯೇ ನಡೆಯಿತು. ಎಲ್ಲಿಯೂ ಅಡ್ಡಿಯಾಗಲಿಲ್ಲ, ಒಬ್ಬ ರೋಗಿಯ ಸರದಿಯೂ ತಪ್ಪಲಿಲ್ಲ. ಕೊನೆಗೆ ಅಕ್ಕನ ಪ್ರವೇಶ ತೆಗೆಯೋಣವೆಂದು ಹುಡುಕಿದರೆ ಅದು ಇರಲೇ ಇಲ್ಲ. ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆ ತಾವೇ ಬಂದ್ ಮಾಡಿ ಹೋಗಿದ್ದರು, ರಜೆಗೆ ಹೋಗುವ ಎಲ್ಲರಂತೆ.

ಅಂದು ಮಧ್ಯಾಹ್ನವೇ ಯಾರೋ ಒಂದು ಪಾಸ್‌ವರ್ಡನ್ನು ಚಾಟ್‌ನಲ್ಲಿ ಕಳಿಸಿದರು. ನಾನು ತಕ್ಷಣ ಬದಲಾಯಿಸಿದೆ. ಕೆಲಸ ನಿಂತು, ಇಡೀ ತಂಡ ನನ್ನನ್ನು ಬೈಯಿತು. ಬೈಯಲು ನನಗೆ ಮಾತ್ರ ಯಾರೂ ಇರಲಿಲ್ಲ.