ಸಾಹೇಬರು ಹಿಂದೆ ಸರಿಯುವವರೆಗೆ

"ಈ ಆಟ ಯಾರಿಗಾದ್ರೂ ಬರುತ್ತೇನ್ರಯ್ಯಾ?" ಎಂದು ಮೆಂಗ್ ಸಾಹೇಬರು ಕೇಳಿದಾಗ ಪ್ಯೋ ಸಂಗು ಕೈ ಎತ್ತಬಾರದಿತ್ತು. ಎತ್ತಿಬಿಟ್ಟ. ಹುಡುಗನಾಗಿದ್ದಾಗ ಆ ಕಂಪ್ಯೂಟರ್ ಯುದ್ಧದಲ್ಲಿ ಮುಳುಗಿ ಎದ್ದವನು ಅವನು.

ಇಂಚಿಯಾನ್‌ನ ಪಾರ್ಸಲ್ ಕಂಪನಿಯ ಆ ಶಾಖೆಯಲ್ಲಿ ಸಾಹೇಬರ ಮಾತಿಗೆ ಎದುರಿಲ್ಲ. ಕಿಂಪೋ ಶಾಖೆಯವರು ಇದೇ ಆಟದಲ್ಲಿ ಅವರ ಮಾನ ಕಳೆದು, ಮೀಟಿಂಗಿನಲ್ಲಿ ಹಲ್ಲು ಕಿಸಿದಿದ್ದರು.

"ಗಂಗ್ನಂಗ್‌ಗೆ ವರ್ಗ ಕೇಳ್ತಿದ್ದೀಯಲ್ಲ ಸಂಗು? ನಮಗೆಲ್ಲ ಆಟ ಕಲಿಸು. ಕಿಂಪೋದವರಿಗೆ ಒಂದ್ಸಲ ಮಣ್ಣು ಮುಕ್ಕಿಸು. ಮಾರನೇ ದಿನವೇ ಕಳಿಸ್ತೀನಿ."

ದೇಶದ ಇನ್ನೊಂದು ತುದಿಯಲ್ಲಿದ್ದ ಗಂಗ್ನಂಗ್‌ನಲ್ಲಿ ಅವನ ಹೆಂಡತಿ ಸೊನ್‌ಹ್ವಾ ನರ್ಸ್. ಭಾನುವಾರ ಸಂಗು ಹೋದರೆ ಪುಟ್ಟ ಮಗಳು ಅಮ್ಮನ ಬೆನ್ನ ಹಿಂದೆ ಅವಿತುಕೊಳ್ಳುತ್ತಿದ್ದಳು. ಯಾರೋ ನೆಂಟ ಬಂದಿದ್ದಾನೆ ಎಂಬಂತೆ ಇಣುಕುತ್ತಿದ್ದಳು.

ಹಾಗಾಗಿ ಕೆಲಸ ಮುಗಿದ ಮೇಲೆ ಎಲ್ಲರೂ ನೆಲಮಾಳಿಗೆಯ ಗೇಮ್ ಅಂಗಡಿಗೆ ಇಳಿಯತೊಡಗಿದರು. ಕಿಟಕಿಯಿಲ್ಲದ ಕೋಣೆ, ಸಾಲು ಕಂಪ್ಯೂಟರು, ಕೂತಲ್ಲಿಗೇ ಬರುವ ಬಿಸಿ ರಾಮ್ಯನ್ ನೂಡಲ್ಸ್ ಬಟ್ಟಲು. ಸಾಹೇಬರು, ಲೆಕ್ಕ ವಿಭಾಗದ ಓಕ್ ಮಿರಾನ್, ಗೋದಾಮಿನ ಇಬ್ಬರು, ಐದನೆಯವನು ಸಂಗು.

"ನಾವು ಐದು ಜನ, ಅವರೂ ಐದು ಜನ," ಎಂದು ಸಂಗು ಪಾಠ ಶುರುಮಾಡಿದ. "ಮೂರು ದಾರಿ, ಮಧ್ಯೆ ಕಾಡು, ಒಂದು ನದಿ. ದಾರಿಯುದ್ದಕ್ಕೂ ಎರಡೂ ಕಡೆಯವರ ಬುರುಜುಗಳಿವೆ, ಹತ್ತಿರ ಬಂದ ಶತ್ರುವನ್ನ ಅವೇ ಹೊಡೆದು ಹಾಕ್ತವೆ. ಅವನ್ನ ಉರುಳಿಸ್ತಾ ಹೋಗಿ ಅವರ ಕೋಟೆಯ ಕಲ್ಲು ಒಡೆದರೆ ಗೆದ್ದಂಗೆ. ಕೊಲ್ಲೋದು ಆಮೇಲೆ. ಮೊದಲು ಸಾಯದೇ ಇರೋದು ಕಲೀರಿ. ನೀವು ಸತ್ತರೆ ಮತ್ತೆ ಎದ್ದು ಬರೋಕೆ ಹೊತ್ತು ಹಿಡಿಯುತ್ತೆ, ಅವರಿಗೆ ಆಯುಧ ಕೊಳ್ಳೋಕೆ ಚಿನ್ನ ಸಿಗುತ್ತೆ. ಒಬ್ಬರೇ ಸಿಕ್ಕಿಬಿದ್ದರೆ ನಮ್ಮ ಬುರುಜಿನ ಹತ್ತಿರ ಓಡಿ ಬನ್ನಿ, ನಾಚಿಕೆ ಬೇಡ."

"ಓಡೋದಾ? ನಾನಾ?" ಸಾಹೇಬರು ಮೂಗು ಮುರಿದರು. ಮುರಿದವರೇ ಕತ್ತಿ ಹಿರಿದು ಶತ್ರುಗಳ ಬುರುಜಿನ ಕೆಳಗೇ ನುಗ್ಗಿ ಸತ್ತರು. ಹಿಂದೆಯೇ ಮಿರಾನ್ ಸತ್ತಳು. ಗೋದಾಮಿನವರಿಬ್ಬರೂ ಸತ್ತರು.

"ನೀನ್ಯಾಕಮ್ಮಾ ಹೋದೆ? ಹಿಂದಕ್ಕೆ ಬಾ ಅಂತ ಬಡ್ಕೊಂಡೆನಲ್ಲ!" ಸಂಗು ಮಿರಾನ್ ಮೇಲೆ ರೇಗಿದ.

ಮಿರಾನ್ ದನಿ ತಗ್ಗಿಸಿದಳು. "ಸಾಹೇಬ್ರು ಅಲ್ಲೇ ನಿಂತಿರುವಾಗ ನಾನು ಹೆಂಗೆ ವಾಪಸ್ ಬರಲಿ, ಸಂಗು ಅವರೇ?"

ಆಫೀಸಿನಲ್ಲೂ ಅದೇ ಕತೆಯಲ್ಲವೇ? ಕೆಲಸ ಮುಗಿದು ಯುಗವಾದರೂ ಸಾಹೇಬರು ಕುರ್ಚಿ ಬಿಟ್ಟೇಳದೆ ಒಬ್ಬನೂ ತನ್ನ ಕೋಟು ತೊಡುವುದಿಲ್ಲ. ದಂಡಪಿಂಡಗಳಂತೆ ಖಾಲಿ ಪರದೆ ನೋಡುತ್ತ ಕೂರುವುದು. ಆ ಸುಡುಗಾಡು ಮರ್ಯಾದೆಯನ್ನೇ ಇವರು ಯುದ್ಧಭೂಮಿಗೂ ಹೊತ್ತು ತಂದಿದ್ದರು.

ಸೋಲು ಒಪ್ಪಿಕೊಂಡು ಬೇಗ ಮುಗಿಸುವ ದಾರಿಯೂ ಆಟದಲ್ಲಿದೆ. ಐವರಲ್ಲಿ ನಾಲ್ವರು ಗುಂಡಿ ಒತ್ತಿದರೆ ಸಾಕು. ಸಾಹೇಬರು ಒತ್ತುತ್ತಿರಲಿಲ್ಲ, ಆದ್ದರಿಂದ ಉಳಿದವರೂ ಒತ್ತುತ್ತಿರಲಿಲ್ಲ. ಸಂಗು ಒಬ್ಬನೇ ಒತ್ತಿ, ಸತ್ತ ಆಟದ ಹೆಣ ಹೊತ್ತು ಕೂರುತ್ತಿದ್ದ. ಮಧ್ಯೆ ಎದ್ದು ಹೋಗುವಂತಿಲ್ಲ. ಹೋದರೆ ಆಟವೂ ದಂಡ ಹಾಕುತ್ತದೆ, ಸಾಹೇಬರೂ ಹಾಕುತ್ತಾರೆ.

ಕೊನೆಗೂ ಕಿಂಪೋದವರೊಂದಿಗೆ ಪಂದ್ಯದ ಸಂಜೆ ಬಂತು. ಅಂದು ಎಲ್ಲರೂ ಚೆನ್ನಾಗಿಯೇ ಆಡಿದರು. ಎರಡೂ ಕಡೆ ಸಮಸಮ. ಇನ್ನೊಂದು ತಪ್ಪು ಯಾರದಾಗುತ್ತದೋ ಅವರು ಹೋದಂತೆ. ಆಗ ಸಾಹೇಬರು ಒಂಟಿಯಾಗಿ ನದಿ ದಾಟಿದರು. ದಂಡೆಯಾಚೆಯ ಪೊದೆಯಲ್ಲಿ ಕಿಂಪೋದ ಐವರೂ ಹೊಂಚಿ ಕೂತಿದ್ದಾರೆಂದು ಸಂಗುವಿಗೆ ಖಾತ್ರಿಯಿತ್ತು. ಮಿರಾನ್ ಆಗಲೇ ಸಾಹೇಬರ ಹಿಂದೆ ಹೆಜ್ಜೆ ಇಟ್ಟಾಗಿತ್ತು. ಸಂಗುವಿನ ಕಣ್ಣಿಗೆ ಮಗಳು ಕಂಡಳು, ಬೆನ್ನ ಹಿಂದಿನಿಂದ ಇಣುಕುವ ಮಗಳು.

"ಲೇ ಮುದುಕಾ! ಹಿಂದಕ್ಕೆ ಬಾರೋ! ತಲೇಲಿ ಏನು ಸಗಣಿ ತುಂಬಿದೆಯಾ?"

ಸಂಗು ಕಿರುಚಿಬಿಟ್ಟಿದ್ದ. ಗೋದಾಮಿನವನೊಬ್ಬನ ಬಾಯಲ್ಲಿದ್ದ ರಾಮ್ಯನ್ ಎಳೆ ಬಾಯಲ್ಲೇ ಉಳಿಯಿತು. ಸಾಹೇಬರು ಬೆಚ್ಚಿಬಿದ್ದು, ಯಾಕೆ ಎಂದೂ ಕೇಳದೆ ಹಿಂದಕ್ಕೆ ಓಡಿದರು. ಅವರು ಓಡಿದ್ದೇ ತಡ ಎಲ್ಲರೂ ಓಡಿದರು. ಬೆನ್ನಟ್ಟಿ ಬಂದ ಕಿಂಪೋದವರು ಇವರ ಬುರುಜಿನ ಕೆಳಗೆ ಒಬ್ಬೊಬ್ಬರಾಗಿ ಬಿದ್ದರು. ತಡೆಯುವವರಿಲ್ಲದ ಕೋಟೆಯೊಳಗೆ ನಡೆದು ಹೋಗಿ ಕಲ್ಲು ಒಡೆದದ್ದೇ, ಪಂದ್ಯ ಗೆದ್ದಾಯಿತು.

ಸಂಗು ಎದ್ದು ನಿಂತು ಸೊಂಟದವರೆಗೆ ಬಾಗಿದ. "ತಪ್ಪಾಯ್ತು ಸಾಹೇಬ್ರೇ. ಬಾಯಿ ಜಾರ್ತು."

"ಎಂಥ ತಪ್ಪಯ್ಯಾ!" ಸಾಹೇಬರ ಕಣ್ಣು ಹೊಳೆಯುತ್ತಿತ್ತು. "ಮಿಲಿಟರಿ ಬಿಟ್ಟ ಮೇಲೆ ನನ್ನನ್ನ ಇಷ್ಟು ಚೆನ್ನಾಗಿ ಯಾರೂ ಬೈದಿರಲಿಲ್ಲ. ಮುಂದೆ ಹೆಡ್ ಆಫೀಸಿನವರ ಜೊತೆ ಪಂದ್ಯ ಇದೆ. ನಿನ್ನಂಥವನನ್ನ ಈಗ ಕಳಿಸಿದ್ರೆ ನನ್ನಂಥ ಮೂರ್ಖ ಇನ್ನೊಬ್ಬ ಇರ್ತಾನಾ?"

"ಮಾತು ಕೊಟ್ಟಿದ್ರಿ, ಸಾಹೇಬ್ರೇ."

"ಕೊಟ್ಟಿದ್ದೆ. ಇಲ್ಲ ಅಂದ್ನಾ? ಹೆಡ್ ಆಫೀಸಿನ ಪಂದ್ಯವನ್ನೂ ಗೆಲ್ಲಿಸು, ಆಮೇಲೆ ಹೋಗು. ಕೂತ್ಕೋ, ಇನ್ನೊಂದಾಟ."

ಸಂಗು ಮಿರಾನ್ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. ಗೋದಾಮಿನವರು ಬಟ್ಟಲಿನೊಳಗೆ ಮುಖವಿಟ್ಟರು.

ಅವನು ಫೋನ್ ಹಿಡಿದು ಮೆಟ್ಟಿಲಿನ ಬುಡಕ್ಕೆ ಬಂದ. ಸೊನ್‌ಹ್ವಾ ಒಂದೇ ಉಸಿರಿಗೆ ಕೇಳಿದಳು, "ಏನಾಯ್ತುರೀ, ಸೋತ್ರಾ?"

"ಗೆದ್ವಿ."

"ಅಯ್ಯೋ, ಹೌದಾ! ಪುಟ್ಟೀ, ಅಪ್ಪ ಬಂದ್ಬಿಡ್ತಾರಂತೆ ಕಣೇ!"

ಫೋನಿನಾಚೆ ಮಗು ಏನೋ ಕೂಗಿತು. ಒಳಗಿನಿಂದ ಸಾಹೇಬರ ದನಿ ಬಂತು. "ಸಂಗೂ, ಎಲ್ಲರೂ ಕಾಯ್ತಿದ್ದಾರಯ್ಯಾ, ಬಾ!"

"ಇನ್ನು ಸ್ವಲ್ಪ ಹೊತ್ತು," ಎಂದು ಸಂಗು ಗೊಣಗಿದ. ಹೆಂಡತಿಗೆ ಹೇಳಿದನೋ ಸಾಹೇಬರಿಗೆ ಹೇಳಿದನೋ, ಇಬ್ಬರಿಗೂ ಕೇಳಿಸಲಿಲ್ಲ.